ಮಗು ಮಲಗಿಸಬಾರದ ತೊಟ್ಟಿಲು

ನಾನು ಒಂದು ತೊಟ್ಟಿಲು. ಅಂತಿಂಥ ತೊಟ್ಟಿಲಲ್ಲ, ಕಲಘಟಗಿಯ ತೊಟ್ಟಿಲು. ನನಗಾಗಿ ಒಂದಿಡೀ ಸಾಗುವಾನಿ ಕಾಡನ್ನೇ ಕಡಿದರು. ಅರಗಿನ ಬಣ್ಣ ಹಚ್ಚಿದ ದಿನ ನನ್ನ ಕೆಂಪು ನೋಡಿ ಸೂರ್ಯನೇ ನಾಚಿ ಅರ್ಧ ತಾಸು ಮೊದಲೇ ಮುಳುಗಿದ. ಬಡಿಗ ಈರಪ್ಪ ಮಾತ್ರ "ಅಂಚು ಒಂಚೂರು ಸೊಟ್ಟ ಆತು" ಎಂದ. ಅವನ ಕಣ್ಣಿಗೆ ಪೊರೆ ಬಂದಿತ್ತು, ಬಿಡಿ.

ಧಾರವಾಡದ ಹಂಚಿನಮನಿಯವರು ನನ್ನನ್ನು ಕೊಂಡರು. ಆದರೆ ಆ ಓಣಿಯಲ್ಲಿ ತೊಟ್ಟಿಲು ಒಂದೇ ಮನೆಯ ಸ್ವತ್ತಲ್ಲ. ಯಾರ ಮನೆಯಲ್ಲಿ ಬಾಣಂತಿಯೋ ಅಲ್ಲಿಗೆ ಹೊರಡಬೇಕು. ನನ್ನಲ್ಲಿ ಹತ್ತು ಸಾವಿರ ಕೂಸುಗಳು ಮಲಗಿವೆ. ಒಂದೂ ಅತ್ತಿಲ್ಲ. ಅತ್ತಿದ್ದರೆ, ನನ್ನಿಂದ ಎತ್ತಿಕೊಂಡದ್ದಕ್ಕೆ.

ಆ ಮನೆಯ ಮಗಳು ಸುವರ್ಣಾ ನರ್ಸ್ ಆಗಿ ಟೆಕ್ಸಾಸಿಗೆ ಹೋದಳು. ಅವಳ ಬಾಣಂತನಕ್ಕೆ ತಾಯಿಗೆ ಹೋಗಲಾಗಲಿಲ್ಲ. ನನ್ನನ್ನು ಬಿಚ್ಚಿ ಹಡಗು ಹತ್ತಿಸಿದರು. ಅವಳ ಮಗ ಬೆಳೆದ ಮೇಲೆ ನನ್ನನ್ನು ಕಳಿಸಲು ಅಲ್ಲಿ ಓಣಿಯೇ ಇರಲಿಲ್ಲ. ತಾನು ಕೆಲಸ ಮಾಡುವ ಸಮುದಾಯ ಕೇಂದ್ರಕ್ಕೆ ಕೊಟ್ಟಳು. ಅಲ್ಲಿ, ಮೊದಲ ಸಲ ತಂದೆತಾಯಿಯಾದ ಎಳೆಯ ಲ್ಯಾಟಿನೊ ಜೋಡಿಗಳಿಗೆ, ಅಂದರೆ ಮೆಕ್ಸಿಕೊ, ಗ್ವಾಟೆಮಾಲಾ ಕಡೆಯವರಿಗೆ, ಒಂದು ಕಾರ್ಯಕ್ರಮ ಶುರುವಾಗಿತ್ತು.

ಮೇಲಧಿಕಾರಿ ಮಿಸ್ ಹೋಲ್ಟ್ ನನಗೊಂದು ಚೀಟಿ ಅಂಟಿಸಿದರು: "ಮಗುವನ್ನು ಮಲಗಿಸಬಾರದು." ಹಳೆಯ ಬಣ್ಣವಂತೆ, ಅಪಾಯವಂತೆ. ಮೂಲೆಗಿಟ್ಟು ನನ್ನೊಳಗೆ ಕರಪತ್ರ ತುಂಬಿದರು. ಕಾಗದ ಹಾಲು ಕಕ್ಕುವುದಿಲ್ಲ, ಒದೆಯುವುದಿಲ್ಲ. ಹತ್ತು ಸಾವಿರ ಕೂಸುಗಳನ್ನು ತೂಗಿದ ನಾನು ಒಂದೇ ಒಂದು ಒದೆತಕ್ಕೆ ಹಂಬಲಿಸಿದೆ.

ಮಂಗಳವಾರ ಬೆಳಗ್ಗೆ ಹತ್ತಕ್ಕೆ, ತಿಂಗಳೊಳಗಿನ ಕೂಸಿನ ತಾಯಂದಿರಿಗೆ ತರಗತಿ. ಮೂವತ್ತು ಕುರ್ಚಿ, ಒಬ್ಬರೂ ಇಲ್ಲ. ಮರುವಾರ ಕೇಕ್ ಇಟ್ಟರು. ಆಮೇಲೆ ಬಲೂನು ಕಟ್ಟಿದರು. ಬಂದದ್ದು ನೊಣ.

"ಹೀಗೇ ಆದರೆ ಈ ತಿಂಗಳೇ ಮುಚ್ಚೋದು" ಎಂದರು ಹೋಲ್ಟ್.

ಅಷ್ಟರಲ್ಲಿ ಎಫ್ರೇನ್ ಬಂದ. ಇಪ್ಪತ್ತರ ಪ್ರಾಯ, ಚಾವಣಿ ಕೆಲಸದವನು, ಕೈತುಂಬ ಡಾಂಬರು.

"ನನ್ನ ಹೆಂಡತಿ ನಯೇಲಿ ಬರೋಲ್ಲ. ಹೆತ್ತು ಹನ್ನೆರಡೇ ದಿನ. ನಮ್ಮಲ್ಲಿ ನಲವತ್ತು ದಿನ ಹೊಸ್ತಿಲು ದಾಟೋ ಹಾಗಿಲ್ಲ. ಅವಳ ತಾಯಿ ಗ್ವಾಟೆಮಾಲಾದಲ್ಲಿ. ಸಾರು ಕಾಯಿಸೋರಿಲ್ಲ. ಒಬ್ಬಳೇ ಅಳ್ತಾಳೆ. ಆ ಕಾಗದವಾದರೂ ಕೊಡಿ."

ಸುವರ್ಣಾ ಹಣೆ ಬಡಿದುಕೊಂಡಳು. "ಅಯ್ಯ ಶಿವನ! ಹಸಿ ಬಾಣಂತಿನ್ನ ಗಾಳಿಗೆ ಕರೀಲಿಕ್ಕೆ ಹತ್ತೀವಲ್ಲ! ನಮ್ಮವ್ವ ಇದ್ದಿದ್ರ ಒಲ್ಯಾಗಿನ ಕೊಳ್ಳಿ ಹಿಡಕೊಂಡು ಬರ್ತಿದ್ಲು." ಹೋಲ್ಟ್ ಕಡೆ ತಿರುಗಿದಳು. "ಮೇಡಂ, ಅವರು ಬರಂಗಿಲ್ಲ. ನಾವ ಹೋಗಬೇಕು."

"ಮತ್ತೆ ತರಗತಿ?"

"ಅಪ್ಪಂದಿರಿಗೆ. ಸಂಜಿಗೆ, ಕೆಲಸ ಬಿಟ್ಟ ಮ್ಯಾಲೆ. ಏನಪಾ, ಕೂಸಿಗೆ ನೀರು ಎರಿಯೂದು ಕಲೀತಿಯೇನು?"

ಎಫ್ರೇನ್ ಅಂಗೈ ನೋಡಿಕೊಂಡ. "ಈ ಕೈಯಲ್ಲೇ?"

"ಮತ್ಯಾರ ಕೈಲೆ? ಮೊದಲ ತೊಳಕೋ."

ಹೀಗೆ ಕಾರ್ಯಕ್ರಮದ ಮುಖವೇ ಬದಲಾಯಿತು. ಯೋಚನೆಯೆಲ್ಲ ನನ್ನದೇ, ಸುವರ್ಣಾ ಬಾಯಿ ಮಾತ್ರ ಕೊಟ್ಟಳು. ಅವರದೇ ಕೇರಿಯ ಮುದುಕಿಯರು ಕೋಳಿ ಸಾರಿನ ಪಾತ್ರೆ ಹಿಡಿದು ಬಾಣಂತಿಯರ ಮನೆಗೆ ನಡೆದರು. ಮೊದಲು ಹೋದದ್ದು ನಯೇಲಿಯ ಮನೆಗೆ. ಕರಪತ್ರಗಳೂ ಚೀಲದಲ್ಲಿ ಹೊರಟವು. ನನ್ನ ಮಡಿಲಲ್ಲಿ ಕಾಗದವೂ ಉಳಿಯಲಿಲ್ಲ. ಎಲ್ಲರೂ ಕೂಸುಗಳಿರುವಲ್ಲಿ; ನಾನೊಬ್ಬನೇ ಬಲೂನಿನ ದಾರದ ಜೊತೆ.

ನಲವತ್ತೊಂದನೆಯ ದಿನ ನಯೇಲಿ ತಾನೇ ಬಂದಳು. ಹದಿನೆಂಟರ ಹುಡುಗಿ, ಎದೆಗೆ ಶಾಲಿನಲ್ಲಿ ಕಟ್ಟಿದ ಕೂಸು. ನನ್ನ ಪಕ್ಕ ಕೂತಳು. ನನ್ನ ಕೀಲುಗಳೆಲ್ಲ ಬಿಗಿದುಕೊಂಡವು. ಅವಳ ಕೈ ಶಾಲಿನ ಗಂಟಿಗೆ ಹೋಯಿತು. ಚೀಟಿ ಓದಿದಳು. ಕೈ ಹಿಂದೆ ಬಂತು.

"ನಿನಗೆ ಇಷ್ಟವಾಗ್ತಿತ್ತು, ಅಲ್ವಾ ಕಂದ?"

ಆ ಕೈಯನ್ನೇ ನನ್ನ ಅಂಚಿನ ಮೇಲಿಟ್ಟು, ಗೊತ್ತಿಲ್ಲದೆಯೇ ತೂಗತೊಡಗಿದಳು. ಅವಳ ತಾಯಿಯ ಭಾಷೆಯ ಲಾಲಿ. ಕೂಸು ಅವಳೆದೆಯ ಮೇಲೆಯೇ ನಿದ್ದೆ ಹೋಯಿತು.

ಈಗ ನಾನು ಮುದಿಯ, ಅದೇ ಮೂಲೆ. ಆ ದಿನ ಅವಳು ಎದ್ದು ಹೋದ ಮೇಲೂ ಅಂಚು ಬೆಚ್ಚಗಿತ್ತು. ಎಷ್ಟು ಹೊತ್ತು ಎಂದು ಕೇಳಬೇಡಿ. ನನ್ನ ಬಾಯಿ ನಿಮಗೆ ಗೊತ್ತಲ್ಲ, ಇನ್ನೂ ಬೆಚ್ಚಗಿದೆ ಎಂದುಬಿಡುತ್ತೇನೆ.