ಮರೆತರೆ ಬಾಡುವ ಗಿಡಗಳು

"ನೀರು ಹಾಕೋದು ಮರೆತರೆ ಬಾಡಿ ಬಿದ್ದುಬಿಡಬೇಕು. ಅಂಥ ಗಿಡ ಕೊಡಿ," ಎಂದಳು ಅಕ್ಕ.

ನರ್ಸರಿಯವನು ಕೈಯಲ್ಲಿದ್ದ ಪೈಪನ್ನು ಕೆಳಗೆ ಬಿಟ್ಟ. ನೀರು ಅವನ ಚಪ್ಪಲಿಯ ಮೇಲೆಯೇ ಹರಿಯತೊಡಗಿತು. "ಅಮ್ಮಾ, ನಾನು ಅಂಗಡಿ ಹಾಕಿದಾಗಿಂದ ಬರೋರೆಲ್ಲ ಕೇಳೋದು ಒಂದೇ, ಎಷ್ಟು ಮರೆತರೂ ಸಾಯದ ಗಿಡ ಕೊಡಿ ಅಂತ. ಸಾಯೋ ಗಿಡ ಹುಡುಕಿಕೊಂಡು ಬಂದೋರು ನೀವೇ ಮೊದಲು."

"ಸಾಯೋದಲ್ಲ ಮಾರಾಯ, ಬಾಡೋದು. ನೀರು ಬಿದ್ದ ತಕ್ಷಣ ಮತ್ತೆ ತಲೆ ಎತ್ತಬೇಕು."

"ನಿಮ್ಮ ಮನೆಗಾ?"

"ತಂಗಿ ಮನೆಗೆ. ಹಿಂದುಗಡೆ ಸಿಮೆಂಟ್ ಅಂಗಳ ಇದೆ. ಮಧ್ಯಾಹ್ನದ ತನಕ ಬಿಸಿಲು ಬೀಳುತ್ತೆ."

"ತಂಗಿ ಮೇಲೆ ಏನಮ್ಮ ಅಷ್ಟು ಸಿಟ್ಟು?" ಎಂದು ಅವನು ನಕ್ಕ. ಅಕ್ಕ ನಗಲಿಲ್ಲ. ಅವನು ಪೈಪನ್ನು ಎತ್ತಿಕೊಂಡ.

ಆದರೆ ಮಾತಿನ ಚಪಲ ಅಷ್ಟಕ್ಕೇ ಅಡಗುವಂಥದಲ್ಲ. ಬೇಡವೆಂದರೂ ಲೋಳೆಸರದ ಕುಂಡ ಎತ್ತಿ ತೋರಿಸಿ, ಇದನ್ನು ಬಿಟ್ಟು ಮನೆಗೆ ಬೀಗ ಹಾಕಿಕೊಂಡು ಎಲ್ಲಿಗೆ ಹೋದರೂ ಚಿಂತೆಯಿಲ್ಲ ಎಂದ. ದೊಡ್ಡಪತ್ರೆ ತೋರಿಸಿದ, ಕಡ್ಡಿ ಮುರಿದು ಎಲ್ಲಿ ನೆಟ್ಟರೂ ಬರುತ್ತದೆ ಎಂದ. ಅದಂತೂ ಬೇಡವೇ ಬೇಡ ಎಂದು ಅಕ್ಕ ತಾನೇ ಸಾಲುಗಳ ನಡುವೆ ನುಗ್ಗಿದಳು. ಪುದೀನ ಆರಿಸಿದಳು, ಕೊತ್ತಂಬರಿ ಆರಿಸಿದಳು. ಕಾಮಕಸ್ತೂರಿಯ ಎಲೆ ಮುಟ್ಟಿ ಬೆರಳು ಮೂಸಿ, ಅದೂ ಇರಲಿ ಎಂದಳು. ನೀರು ಕಡಿಮೆಯಾದರೆ ಮೊದಲು ಕಾಂಡವೇ ಬಾಗುವ ಕರ್ಣಕುಂಡಲವನ್ನೂ ತೆಗೆದಿಟ್ಟಳು. ಕೊನೆಗೆ ನೀಲಿ ಹೂಗೊಂಚಲಿನ ಹೈಡ್ರೇಂಜಿಯಾದ ಮುಂದೆ ನಿಂತಳು.

"ಇವಳು ಮಹಾ ನಾಟಕದವಳು," ಎಂದ ನರ್ಸರಿಯವನು. "ಮಧ್ಯಾಹ್ನ ಬಂದು ನೋಡಿ, ಸತ್ತೇಹೋದೆ ಅಂತ ಬಿದ್ದುಕೊಂಡಿರ್ತಾಳೆ. ಒಂದು ಚೊಂಬು ನೀರು ತೋರಿಸಿ, ಸಂಜೆಗೆ ಎದ್ದು ಕೂತು ಅಲಂಕಾರ ಮಾಡ್ಕೊಂಡಿರ್ತಾಳೆ."

ಅಕ್ಕನಿಗೆ ಈಗ ನಗು ಬಂತು. "ಹಾಗಾದ್ರೆ ಇವಳು ಬೇಕೇ ಬೇಕು."

ಪ್ಲಾಸ್ಟಿಕ್ಕಿನ ದೊಡ್ಡ ಕುಂಡದಲ್ಲಿ ಹಾಕಿಕೊಡುತ್ತೇನೆ, ತೇವ ನಿಲ್ಲುತ್ತದೆ ಎಂದು ಅವನು ಹೇಳಿದ್ದಕ್ಕೆ ಅವಳು ಒಪ್ಪಲಿಲ್ಲ. ಮಣ್ಣಿನ ಕುಂಡವೇ ಆಗಬೇಕು, ಅದೂ ಚಿಕ್ಕದು. ಬೆಳಿಗ್ಗೆ ಹಾಕಿದ ನೀರು ಸಂಜೆಗೆ ಇರಬಾರದು. ನರ್ಸರಿಯವನು ಇನ್ನೇನೂ ಕೇಳದೆ ಮಣ್ಣು ತುಂಬಿಸಿದ.

ಅಕ್ಕನ ಕೆಲಸವೇ ಅವಳಿಗೆ ಈ ಬುದ್ಧಿ ಕಲಿಸಿದ್ದು. ಪಾರ್ಶ್ವವಾಯು ಬಡಿದು ಕೈಕಾಲು ಸ್ವಾಧೀನ ತಪ್ಪಿದವರಿಗೆ ವ್ಯಾಯಾಮ ಮಾಡಿಸುವ ಕೇಂದ್ರದಲ್ಲಿ ಅವಳು ಹಳಬಳು. ಅಲ್ಲಿನ ರೋಗಿಗಳು ಅವಳಿಗೆ ಹವಾಲ್ದಾರಮ್ಮ ಎಂದು ಹೆಸರಿಟ್ಟಿದ್ದರು. ಕುಡಿಯುವ ನೀರಿನ ಲೋಟವನ್ನು ಅವಳು ಯಾವತ್ತೂ ಕೈಗೆ ಸಿಗುವ ಹಾಗೆ ಇಡುತ್ತಿರಲಿಲ್ಲ. ಒಂದು ಗೇಣು ಆಚೆ ಇಡುತ್ತಿದ್ದಳು. ಕನ್ನಡಕ, ರೇಡಿಯೊ, ಮೊಮ್ಮಗನ ಫೋಟೊ, ಎಲ್ಲವೂ ಒಂದು ಗೇಣು ಆಚೆ. ಮುದುಕರು ಬಾಯಿಗೆ ಬಂದಂತೆ ಬೈಯುತ್ತಿದ್ದರು. ಬೈದು ಬೈದು ಸಾಕಾಗಿ ಒಂದು ದಿನ ಕೈ ಚಾಚುತ್ತಿದ್ದರು. ಚಾಚಿದ ಕೈಗೆ ಲೋಟ ಸಿಕ್ಕಿದಾಗ ಅವರೂ ಅಳುತ್ತಿದ್ದರು, ಹವಾಲ್ದಾರಮ್ಮನೂ ಮೂಲೆಗೆ ಹೋಗಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ತಂಗಿಗೆ ಕೈಕಾಲು ನೆಟ್ಟಗಿದ್ದವು. ಆದರೂ ಅವಳು ಏಳುತ್ತಿರಲಿಲ್ಲ. ಅವಳ ಮಗಳು ಹುಟ್ಟಿದಂದಿನಿಂದ ನುಂಗಲಾರದ ಕೂಸು. ಹೊಟ್ಟೆಗೆ ಹಾಕಿದ ನಳಿಕೆಯಲ್ಲಿ ಗಂಜಿ, ನೀರು, ಔಷಧಿ, ಎಲ್ಲವನ್ನೂ ಹೊತ್ತುಹೊತ್ತಿಗೆ ಕೊಡಬೇಕು. ಮಗುವಿಗೆ ಶಾಲೆಗೆ ಹೋಗುವ ವಯಸ್ಸು ಬರುವ ತನಕ ತಂಗಿ ಹಾಗೆ ಕೊಡುತ್ತಲೇ ಬದುಕಿದಳು. ಒಂದು ಮದುವೆ ನೋಡಲಿಲ್ಲ, ಒಂದು ರಾತ್ರಿ ಪೂರ್ತಿ ನಿದ್ದೆ ಮಾಡಲಿಲ್ಲ. ಚಳಿಗಾಲದಲ್ಲಿ ಮಗು ಹೋಯಿತು. ಅಂದು ಮಲಗಿದವಳು ಬೇಸಿಗೆ ಬಂದರೂ ಮಂಚ ಬಿಟ್ಟಿರಲಿಲ್ಲ. ಬಚ್ಚಲಿಗೆ ಹೋಗಿ ಬಂದರೆ ಮತ್ತೆ ಗೋಡೆಯ ಕಡೆ ಮುಖ. ಡಾಕ್ಟರು ಕೊಟ್ಟ ಮಾತ್ರೆ ನುಂಗುತ್ತಿದ್ದಳು, ಹೇಳಿದ ಮಾತಿಗೆ ಹೂಂಗುಟ್ಟುತ್ತಿದ್ದಳು, ಅಷ್ಟೇ. ಹೀಗೇ ಬಿಟ್ಟರೆ ಇವಳು ಸವೆದು ಹೋಗುತ್ತಾಳೆ ಎಂಬ ಭಯ ಅಕ್ಕನ ಎದೆಯಲ್ಲಿ ಕೂತುಬಿಟ್ಟಿತ್ತು. ಅಷ್ಟು ವರ್ಷ ಬಿಡುವಿಲ್ಲದ ಕೈ ಬರಿದಾಗಿದ್ದೇ ತಂಗಿಯ ರೋಗ ಎಂದು ಅವಳು ತೀರ್ಮಾನಿಸಿದ್ದಳು. ಇವಳಿಲ್ಲದಿದ್ದರೆ ಬದುಕದಂಥದ್ದು ಏನಾದರೂ ಇವಳ ಕಣ್ಣೆದುರಿಗೆ ಇರಬೇಕು, ಕೈಗೆ ಸಿಗದ ಹಾಗೆ.

ಕುಂಡಗಳನ್ನು ಅಕ್ಕ ಅಂಗಳದಲ್ಲಿ ಜೋಡಿಸಿದ್ದೂ ಹಾಗೆಯೇ. ಮಂಚದಿಂದ ಕಿಟಕಿಯಲ್ಲಿ ಎಲ್ಲವೂ ಕಾಣಬೇಕು, ಆದರೆ ಅವಕ್ಕೆ ನೀರು ಹಾಕಬೇಕಾದರೆ ಬಾಗಿಲು ದಾಟಿ, ಮೆಟ್ಟಿಲಿಳಿದು, ಆಚೆ ಗೋಡೆಯ ನಲ್ಲಿಯ ತನಕ ನಡೆಯಬೇಕು. ಹೈಡ್ರೇಂಜಿಯಾವನ್ನು ಕಿಟಕಿಗೆ ನೇರ ಇಟ್ಟು ಒಳಗೆ ಬಂದಳು.

"ನೋಡೇ, ದಿನಾ ಎರಡು ಹೊತ್ತು ನೀರು ಬೇಕು ಇವಕ್ಕೆ. ನಾನು ಬರಲ್ಲ. ನಿನ್ನ ಗಂಡಂಗೂ ಹೇಳಿದೀನಿ, ಮುಟ್ಟಕೂಡದು ಅಂತ. ನೀನು ಹಾಕಿದ್ರೆ ಉಂಟು, ಇಲ್ಲದಿದ್ರೆ ಇಲ್ಲ."

ತಂಗಿ ಕಿಟಕಿಯ ಕಡೆ ಹೊರಳಿದಳು. ಗಿಡಗಳನ್ನು ನೋಡಿದಳು, ಅಕ್ಕನನ್ನು ನೋಡಿದಳು. "ಯಾಕಕ್ಕ ತಂದೆ?" ಎಂದಳು.

"ಚೆನ್ನಾಗಿರುತ್ತೆ ಅಂತ ತಂದೆ," ಎಂದು ಕಡ್ಡಿ ಮುರಿದಂತೆ ಹೇಳಿ ಅಕ್ಕ ಹೊರಟುಬಿಟ್ಟಳು. ಇನ್ನೊಂದು ನಿಮಿಷ ನಿಂತಿದ್ದರೆ ತಾನೇ ಚೊಂಬು ಹಿಡಿದುಬಿಡುತ್ತೇನೆ ಎಂಬ ಹೆದರಿಕೆ ಅವಳಿಗೆ.

ಆ ವಾರ ಅವಳು ಅನುಭವಿಸಿದ್ದು ಅವಳಿಗೇ ಗೊತ್ತು. ಕೇಂದ್ರದಲ್ಲಿ ಯಾರದೋ ಮೊಣಕಾಲು ಮಡಚಿಸುತ್ತಾ ಕಿಟಕಿಯಾಚೆಯ ಬಿಸಿಲು ನೋಡಿ ಸಂಕಟಪಡುತ್ತಿದ್ದಳು. ವಾರದ ಕೊನೆಗೆ ತಡೆಯಲಾರದೆ ತಂಗಿಯ ಗಂಡನಿಗೆ ಫೋನು ಮಾಡಿದಳು. ಅವನು ಬಸ್ ಡ್ರೈವರು, ಹಾರನ್ನಿನಲ್ಲೇ ಎಲ್ಲ ಹೇಳಿ ಮುಗಿಸುವವನು, ಬಾಯಲ್ಲಿ ಮಾತು ಕಡಿಮೆ.

"ಗಿಡ ಹೇಗಿವೆ?"

"ಚೆನ್ನಾಗಿವೆ ಅತ್ತಿಗೆ."

"ನಿಜವಾಗ್ಲೂ? ಎಲ್ಲಾನೂ?"

"ಎಲ್ಲಾನೂ."

ಅಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕೇಂದ್ರದಲ್ಲಿ ಎಲ್ಲರಿಗೂ ಟೀ ತರಿಸಿದಳು. ಹವಾಲ್ದಾರಮ್ಮನಿಗೆ ಏನೋ ಬಡ್ತಿ ಸಿಕ್ಕಿರಬೇಕು ಎಂದು ಮುದುಕರು ಗುಸುಗುಸು ಮಾಡಿದರು. ಇನ್ನೂ ಸ್ವಲ್ಪ ದಿನ ಹಲ್ಲುಕಚ್ಚಿಕೊಂಡು ದೂರವೇ ಇದ್ದು, ಭಾನುವಾರ ಬೆಳಿಗ್ಗೆ ತಂಗಿಯ ಮನೆಗೆ ಹೋದಳು. ಮುಂಬಾಗಿಲು ಬಡಿಯದೆ ಪಕ್ಕದ ಓಣಿಯಿಂದ ನೇರ ಅಂಗಳಕ್ಕೇ ನಡೆದಳು. ಪುದೀನ ಕುಂಡದ ಅಂಚು ಮುಚ್ಚಿ ಕೆಳಗಿಳಿದಿತ್ತು. ಹೈಡ್ರೇಂಜಿಯಾ ಇನ್ನೊಂದು ಗೊಂಚಲು ಬಿಟ್ಟಿತ್ತು. ಮಣ್ಣು ಒದ್ದೆಯಾಗಿತ್ತು. ಅಕ್ಕ ಅಲ್ಲೇ ಕುಕ್ಕರಿಸಿ ಕೂತು ಒಂದಿಷ್ಟು ಅತ್ತಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಓಡಿ, ಮಂಚದ ಮೇಲೆ ಕೂತು, ತಂಗಿಯ ಕೈ ಹಿಡಿದುಕೊಂಡಳು.

"ನನಗೆ ಗೊತ್ತಿತ್ತು ಕಣೇ! ನೀನು ಎದ್ದೇ ಏಳ್ತೀಯ ಅಂತ ಗೊತ್ತಿತ್ತು."

ತಂಗಿಯ ಕೈ ಅವಳ ಕೈಯಲ್ಲಿ ಸುಮ್ಮನೆ ಬಿದ್ದಿತ್ತು. "ನಾನಲ್ಲ ಅಕ್ಕ," ಎಂದಳು. "ಅವರು ಹಾಕ್ತಾರೆ. ಡ್ಯೂಟಿಗೆ ಹೋಗೋ ಮುಂಚೆ."

ಡ್ರೈವರು ಬಾಗಿಲಲ್ಲಿ ನಿಂತಿದ್ದ. ಅಕ್ಕ ಎದ್ದು ಅವನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. ಅವಳ ಸಿಟ್ಟು ನೆತ್ತಿಗೇರಿತ್ತು. "ಮುಟ್ಟಬೇಡಿ ಅಂತ ಕೈ ಮುಗಿದು ಹೇಳಿದ್ದೆನಲ್ಲ! ಫೋನಲ್ಲಿ ಚೆನ್ನಾಗಿವೆ ಅಂದಿರಿ. ನಾನು ಹುಚ್ಚಿ ಥರ ಊರಿಗೆಲ್ಲ ಟೀ ಕುಡಿಸಿದೆ."

"ಗಿಡ ಚೆನ್ನಾಗೇ ಇವೆಯಲ್ಲ ಅತ್ತಿಗೆ," ಎಂದ ಅವನು. ಒಲೆಯ ಮೇಲಿದ್ದ ಪಾತ್ರೆಯನ್ನು ಎತ್ತಿ ಮತ್ತೆ ಅಲ್ಲೇ ಇಟ್ಟ. "ನೀವು ಹೋದ ಮಾರನೇ ದಿನ ನಾನು ಮುಟ್ಟಲಿಲ್ಲ. ಸಂಜೆ ಬಂದೆ, ಎಲ್ಲ ನೆಲಕ್ಕೆ ಬಾಗಿದ್ವು. ಅವಳು ಕಿಟಕಿ ಸರಳು ಹಿಡ್ಕೊಂಡು ಕೂತಿದ್ಲು. ಬೆಳಿಗ್ಗೆಯಿಂದ ಹಾಗೇ ಕೂತಿದ್ಲಂತೆ. ಏಳೋಕೆ ಆಗ್ತಿಲ್ಲ, ಏಳೋಕೆ ಆಗ್ತಿಲ್ಲ ಅಂತ ಒಂದೇ ಸಮ ಅಳ್ತಿದ್ಲು. ಇನ್ನೊಂದು ದಿನ ಅದನ್ನ ನೋಡೋ ಶಕ್ತಿ ನನಗಿಲ್ಲ ಅತ್ತಿಗೆ. ನನಗೂ ಇರೋದು ಒಂದೇ ಜೀವ."

ಆದರೂ ಅಕ್ಕನನ್ನು ಅಭ್ಯಾಸದ ಹಟ ಬಿಡಲಿಲ್ಲ. ಅತ್ತರೆ ಅಳಲಿ, ಅಳುವುದೂ ಕೈ ಚಾಚುವುದೇ, ಇನ್ನೆರಡು ದಿನ ಬಿಟ್ಟಿದ್ದರೆ ಎದ್ದಿರುತ್ತಿದ್ದಳು ಎಂದು ಅವಳು ಶುರುಮಾಡುವಷ್ಟರಲ್ಲಿ ಒಳಗಿನಿಂದ ತಂಗಿ ಕರೆದಳು. ದನಿ ಜೋರಾಗಿರಲಿಲ್ಲ.

ತಂಗಿ ಎದ್ದು ಕೂತಿದ್ದಳು. "ಅಕ್ಕ, ಹೊತ್ತಿಗೆ ಸರಿಯಾಗಿ ಕೊಟ್ಟರೆ ಬದುಕುತ್ತೆ ಅಂತ ನಿನಗೆ ಯಾರು ಹೇಳಿದ್ದು?"

"ಗಿಡದ ಮಾತು ಕಣೇ ಇದು..."

"ನಾನು ಒಂದು ಹೊತ್ತೂ ತಪ್ಪಿಸಲಿಲ್ಲ. ಜ್ವರ ಬಂದಾಗಲೂ ಎದ್ದು ಕೊಟ್ಟೆ. ಅಮ್ಮ ಹೋದ ದಿನ ಮಣ್ಣಿಗೂ ಬರಲಿಲ್ಲ, ಪುಟ್ಟಿಗೆ ಗಂಜಿ ಕೊಡೋ ಹೊತ್ತು ಅಂತ. ನೀನೇ ಬೈದಿದ್ದೆ ಆವಾಗ. ಒಂದೇ ಒಂದು ಹೊತ್ತೂ ತಪ್ಪಿಸಲಿಲ್ಲ ಅಕ್ಕ. ಆದರೂ ಹೋದಳು." ಅವಳ ಕಣ್ಣು ಒಣಗಿತ್ತು. "ಮತ್ತೆ ಅದನ್ನೇ ತಂದು ಕಿಟಕಿ ಮುಂದೆ ಇಟ್ಟೆಯಲ್ಲ. ಬಾಯಿಲ್ಲದವು, ಬಾಡಿದಾಗಲೇ ತಿಳಿಯೋದು. ನನಗೆ ಬೆಳಗಾದರೆ ಅವುಗಳ ಎಲೆ ನೋಡೋದೇ ಆಗಿದೆ. ನೀರು ಹಾಕಿದ್ದಾರೆ ಅಂತ ಗೊತ್ತಿದ್ದರೂ ನೋಡ್ತೀನಿ. ತಗೊಂಡು ಹೋಗು. ನಿನ್ನ ಕಾಲಿಗೆ ಬೀಳ್ತೀನಿ."

ಕೇಂದ್ರದಲ್ಲಿ ಎಂಥೆಂಥ ಬೈಗುಳಕ್ಕೂ ಜಗ್ಗದ ಹೆಂಗಸು ಈಗ ತಲೆ ತಗ್ಗಿಸಿ ಅಂಗಳಕ್ಕೆ ಹೋದಳು. ಡ್ರೈವರು ಬೀದಿಯ ಕೊನೆಯಿಂದ ಸಾಮಾನು ಸಾಗಿಸುವ ಆಟೋ ಕರೆತಂದ. ಇಬ್ಬರೂ ಕುಂಡಗಳನ್ನು ಎತ್ತತೊಡಗಿದರು. ಬೆಳಗಿನ ನೀರು ಕುಡಿದ ಮಣ್ಣಿನ ಕುಂಡಗಳು ಭಾರವಾಗಿದ್ದವು.

ಆಗ ಹಿಂಬಾಗಿಲು ಕಿರ್‍ ಎಂದಿತು. ತಂಗಿ ಹೊಸ್ತಿಲಲ್ಲಿ ನಿಂತಿದ್ದಳು. ಒಂದು ಕೈ ಗೋಡೆಯ ಮೇಲಿತ್ತು. ಅವಳು ಮೊದಲ ಮೆಟ್ಟಿಲು ಇಳಿದಳು, ನಿಂತು, ಎರಡನೆಯದನ್ನೂ ಇಳಿದಳು. ಹಿಮ್ಮಡಿ ಮೊದಲು ಊರು, ಗೋಡೆ ಬಿಡು, ಬಿದ್ದರೆ ನಾನಿದ್ದೇನೆ ಎಂದು ಕೇಂದ್ರದಲ್ಲಿ ದಿನಕ್ಕೆ ನೂರು ಸಲ ಹೇಳುವ ಮಾತುಗಳು ಅಕ್ಕನ ನಾಲಿಗೆಯ ತುದಿಗೆ ಬಂದವು. ಅವಳು ಅವನ್ನು ನುಂಗಿಕೊಂಡಳು. ತಂಗಿ ಗಿಡಗಳ ಹತ್ತಿರ ಬರಲಿಲ್ಲ. ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಎಲ್ಲವೂ ಹೋಗುತ್ತಿವೆಯೇ ಎಂದು ನೋಡುತ್ತಾ ಮೆಟ್ಟಿಲ ಕೆಳಗೆ ನಿಂತಳು.

ಎಲ್ಲ ಮುಗಿದು ಪುದೀನ ಒಂದು ಉಳಿದಿತ್ತು. ಅಕ್ಕ ಅದನ್ನು ಎತ್ತಿ ಎದೆಗೆ ಒತ್ತಿಕೊಂಡಳು. "ಇದೊಂದು ಇರಲಿ ಕಣೇ. ಇದಕ್ಕೆ ಏನೂ ಆಗಲ್ಲ. ಬೇರು ಒಂದು ಉಳಿದರೂ ಮತ್ತೆ ಚಿಗುರುತ್ತೆ."

"ಅದೂ," ಎಂದಳು ತಂಗಿ.

ಅಕ್ಕ ಅದನ್ನೂ ತಂಗಿಯ ಗಂಡನ ಕೈಗೆ ಕೊಟ್ಟಳು. ಕುಂಡಗಳನ್ನು ಅವಳ ಮನೆಯಲ್ಲಿ ಇಳಿಸಿ ಬರಲು ಅವನೇ ಆಟೋ ಹತ್ತಿದ. ಆಟೋ ಓಣಿ ದಾಟಿ ತಿರುಗಿದ ಸದ್ದು ಕೇಳಿಸಿತು. ಅಂಗಳದ ಸಿಮೆಂಟಿನ ಮೇಲೆ ಕುಂಡಗಳಿದ್ದ ಕಡೆಯೆಲ್ಲ ದುಂಡಗಿನ ಒದ್ದೆ ಗುರುತುಗಳು ಉಳಿದಿದ್ದವು. ಬಿಸಿಲು ಏರುತ್ತಿದ್ದಂತೆ ಅವು ಅಂಚಿನಿಂದ ಒಳಗೆ ಒಣಗುತ್ತಾ ಬಂದವು. ತಂಗಿ ಅವನ್ನೇ ನೋಡುತ್ತಾ ನಿಂತಿದ್ದಳು, ಅಕ್ಕನೂ ಕದಲಲಿಲ್ಲ. ಕಿಟಕಿಗೆ ನೇರವಾಗಿದ್ದ ಗುರುತು ಎಲ್ಲಕ್ಕಿಂತ ಕೊನೆಗೆ ಆರಿತು. ಆಮೇಲೆ ತಂಗಿ ಗೋಡೆ ಹಿಡಿದು ಮೆಟ್ಟಿಲು ಹತ್ತಿ ಒಳಗೆ ಹೋದಳು. ಮಂಚ ಕಿರುಗುಟ್ಟಿದ್ದು ಅಂಗಳದ ತನಕ ಕೇಳಿಸಿತು.