ಗರಸಿನೊಳಗಿನ ಗೂಡು

ನಾನು ಒಂದು ಕೈಗೊಡಲಿ. ಹಿಡಿಕೆಯಿಲ್ಲ, ಕಬ್ಬಿಣವಿಲ್ಲ, ಬರೀ ಕಲ್ಲು. ಮಲಪ್ರಭೆಯ ದಂಡೆಯಲ್ಲಿ ಉರುಟಾಗಿ ಬಿದ್ದಿದ್ದ ನನ್ನನ್ನು ಯಾರೋ ಎತ್ತಿ, ತೂಗಿ ನೋಡಿ, ಇನ್ನೊಂದು ಕಲ್ಲಿನಿಂದ ಹೊಡೆದರು. ಚಕ್ಕೆ ಹಾರಿತು. ತಿರುಗಿಸಿ ಮತ್ತೆ ಹೊಡೆದರು. ಬಿಸಿಲು ನೆತ್ತಿಗೇರುವ ಮೊದಲೇ ನನಗೆ ಎರಡು ಅಂಚು, ಒಂದು ಮೊನೆ ಬಂದಿದ್ದವು. ಅಂದೇ ಜಿಂಕೆಯೊಂದರ ತೊಗಲು ಬಿಡಿಸಿದೆ. ಮಾಡಿದವರ ಮುಖ ನೆನಪಿಲ್ಲ. ನಾನು ಕಂಡದ್ದು ಅಂಗೈಯನ್ನು ಮಾತ್ರ.

ಒಂದು ದಿನ ನೀರಿನಂಚಿನಲ್ಲಿ ಇಟ್ಟು ಹೋದವರು ಮರಳಿ ಬರಲಿಲ್ಲ. ಹೊಳೆ ಬಂತು. ಮೇಲೆ ಹರಳು ಮರಳು ಬೆರೆತ ಗರಸು ಬಿತ್ತು, ಗರಸಿನ ಮೇಲೆ ಕರಿಮಣ್ಣು. ಸುಣ್ಣದ ನೀರು ಇಳಿದು ಗರಸೆಲ್ಲ ಗಾರೆಯಂತೆ ಗಟ್ಟಿಯಾಯಿತು. ಎಷ್ಟು ವರ್ಷ ಹಾಗಿದ್ದೆನೆಂದು ನನ್ನನ್ನು ಕೇಳಬೇಡಿ.

ಮತ್ತೆ ಬೆಳಕಿಗೆ ತಂದವಳು ಹುಲಿಗೆವ್ವ, ಬಾವಿ ತೋಡುವ ಹೆಂಗಸು. ಗಂಡ ತೀರಿಕೊಂಡ ಮೇಲೆ ಅವನ ಹಾರೆಯನ್ನು ತಾನೇ ಹಿಡಿದಿದ್ದಳು. ಹನ್ನೆರಡು ಮೊಳ ಆಳದಲ್ಲಿ ಹಾರೆ ತಾಗಿ, ನಾನು ಬಾವಿಯ ಗೋಡೆಯಿಂದ ಕಳಚಿ ಅವಳ ಪಾದದ ಬಳಿ ಬಿದ್ದೆ.

"ಯವ್ವಾ, ಸಿಡ್ಲಿನ ಕಲ್ಲು!" ಎಂದಳು.

ನನ್ನಂಥ ಕಲ್ಲುಗಳು ಸಿಡಿಲಿನೊಂದಿಗೆ ಆಕಾಶದಿಂದ ಬೀಳುತ್ತವೆಂದು ಆ ಸೀಮೆಯ ನಂಬಿಕೆ. ಊರದೇವತೆ ದುರ್ಗವ್ವನ ಕಟ್ಟೆಯ ಮೇಲೆ ಅಂಥವುಗಳ ರಾಶಿಯೇ ಇತ್ತು. ಹೆರಿಗೆಯ ನೋವು ಬಂದವರಿಗೆ ಅವನ್ನು ತೊಳೆದ ನೀರು ಕುಡಿಸುತ್ತಿದ್ದರು. ಹುಲಿಗೆವ್ವನ ಸೊಸೆಗೆ ದಿನ ತುಂಬಿತ್ತು. ಹುಲಿಗೆವ್ವ ನನ್ನನ್ನು ಮನೆಗೆ ಒಯ್ದು, ಮೈಗಂಟಿದ್ದ ಗರಸನ್ನೆಲ್ಲ ಉಜ್ಜಿ ತೊಳೆದು, ಅರಿಸಿನ ಹಚ್ಚಿ ದೇವರ ಜಗಲಿಯ ಮೇಲಿಟ್ಟಳು. ಆ ಊರಿನಲ್ಲಿ ಯಾರಾದರೂ ಹಾಗೇ ಮಾಡುತ್ತಿದ್ದರು. ಆದರೆ ನಾನು ನೆಲದೊಳಗಿದ್ದೆ ಎನ್ನುವುದಕ್ಕೆ ನನ್ನ ಮೈಮೇಲಿದ್ದ ಸಾಕ್ಷಿ ಆ ಗರಸೊಂದೇ.

ಮರುದಿನ ಪೂಜಾರಿ ಸಂಗಪ್ಪ ನನ್ನನ್ನು ಕಂಡ.

"ಕಟ್ಟೀ ಮ್ಯಾಲಿನ ಕಲ್ಲು ಕದ್ದಿಯಲ್ಲ! ಅರಿಸಿನಾ ಸೈತ ಹಂಗ ಐತಿ."

"ನಾ ಹಚ್ಚಿದ ಅರಿಸಿನಾ ಅದು. ಬಾವ್ಯಾಗ ಸಿಕ್ಕೈತಿ."

"ಮ್ಯಾಲಿಂದ ಬೀಳೋ ಕಲ್ಲು ನೆಲದಾಗ ಹನ್ನೆರಡು ಮೊಳ ಹೆಂಗ ಹೊಕ್ಕೀತ?"

ದೇವಿಯ ಕಲ್ಲು ಕದ್ದವರು ಹೊತ್ತು ಮುಳುಗುವುದರೊಳಗೆ ಊರು ಬಿಡಬೇಕೆಂಬುದು ಅಲ್ಲಿನ ಕಟ್ಟಳೆ. ತುಂಬಿದ ಬಸುರಿಯನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು?

ಊರಾಚೆ ಭೂಗರ್ಭ ಸಮೀಕ್ಷೆಯ ಇಂಗ್ಲಿಷ್ ಅಧಿಕಾರಿ ವಿಲ್ಮಟ್ ದೊರೆಯ ಡೇರೆ ಇತ್ತು. ಕಲ್ಲುಗಳ ಸಂಗತಿ ಬಲ್ಲವನೆಂದು ಊರಿನ ಗೌಡರು ನನ್ನನ್ನು ಅವನ ಮುಂದಿಟ್ಟರು. ದೊರೆ ಹೇಳಿದ್ದನ್ನು ಗುಮಾಸ್ತ ತ್ರಿವಿಕ್ರಮರಾಯ ಕನ್ನಡಕ್ಕೆ ತಿರುಗಿಸಿದ. ದೊರೆಯ ಸೀಮೆಯಲ್ಲೂ ಜನ ಇವನ್ನು ಸಿಡಿಲಿನ ಕಲ್ಲೆಂದೇ ನಂಬಿದ್ದರಂತೆ. ಮನುಷ್ಯ ಹುಟ್ಟಿ ಆರು ಸಾವಿರ ವರ್ಷವಷ್ಟೇ ಎನ್ನುತ್ತಿದ್ದರಂತೆ. ಈಚೆಗೆ ಹಳೆಯ ಗರಸಿನ ಪದರದಲ್ಲಿ, ಈಗಿಲ್ಲದ ಆನೆಗಳ ಎಲುಬಿನ ಜೊತೆ ಇಂಥ ಕಲ್ಲುಗಳು ಸಿಕ್ಕವಂತೆ. ಗರಸು ಬೀಳುವ ಮುಂಚೆಯೇ ಮನುಷ್ಯನಿದ್ದನೆಂದು ಪಂಡಿತರು ವಾದಿಸತೊಡಗಿದ್ದಾರಂತೆ.

"ಆದರ ಇದನ್ನ ತೊಳದಾರ. ಗರಸಿನ್ಯಾಗ ಇತ್ತು ಅನ್ನಾಕ ಈಕಿ ಮಾತು ಬಿಟ್ರ ಏನೈತಿ ಅಂತ ದೊರಿ ಕೇಳ್ತಾರ" ಎಂದ ರಾಯ.

ಹುಲಿಗೆವ್ವ ದೊರೆಯ ಮುಂದೆ ಬಂದು ಹೇಳಿದಳು: "ಅದು ಕಳಚಿದಲ್ಲಿ ಒಂದು ಗೂಡು ಬಿದ್ದೈತ್ರಿ. ಎಲಿ ಅಡಕಿ ಚೀಲ ಅದರಾಗ ಇಟ್ಟೀನಿ. ಬಂದು ನೋಡ್ರಿ."

ಎಲ್ಲರೂ ಬಾವಿಗೆ ಹೋದರು. ಹುಲಿಗೆವ್ವ ನನ್ನನ್ನು ಉಡಿಯಲ್ಲಿಟ್ಟುಕೊಂಡು ಹಗ್ಗ ಹಿಡಿದು ಇಳಿದಳು; ರಾಯನನ್ನು ಬುಟ್ಟಿಯಲ್ಲಿ ಇಳಿಸಬೇಕಾಯಿತು.

"ಹಗ್ಗ ಗಟ್ಟಿ ಐತೇನ?"

"ನಿಮಗಿಂತ ದೊಡ್ಡ ಬಂಡಿಗಲ್ಲು ಎತ್ತೈತ್ರೀ ರಾಯರ. ಕಣ್ಣು ಮುಚ್ಚಿ ಕೂಡ್ರಿ" ಎಂದು ಅವಳು ಕೆಳಗಿನಿಂದ ಕೂಗಿದಳು.

ಚೀಲ ತೆಗೆದು ಅವಳು ನನ್ನನ್ನು ಗೂಡಿಗೆ ಒತ್ತಿದಳು. ಹೋಗಲಿಲ್ಲ. ಮೇಲಿನಿಂದ ಸಂಗಪ್ಪ ನಕ್ಕ. ತಿರುವಿ, ಮೊನೆ ಒಳಗೆ ಮಾಡಿ ಒತ್ತಿದಳು. ಟಕ್ಕೆಂದು ಕೂತೆ. ನನ್ನ ಒಂದೊಂದು ಚಕ್ಕೆಯ ಗುರುತಿಗೂ ಗರಸಿನಲ್ಲಿ ಅಚ್ಚು ಇತ್ತು. ದೊರೆ ತಾನೇ ಇಳಿದು ಬೆರಳಾಡಿಸಿ ನೋಡಿದ. ಕೂದಲು ತೂರುವಷ್ಟೂ ಸಂದಿರಲಿಲ್ಲ.

"ಸಿಡ್ಲು ಆಳಕ್ಕ ಹೊಡದಿರಬೇಕು" ಎಂದ ಸಂಗಪ್ಪ, ಸೋಲದೆ.

"ಹೊಡದಿದ್ರ ಮ್ಯಾಲ ತೂತು ಇರಬೇಕಿತ್ತಲ್ಲೋ ಯಣ್ಣಾ! ಕರಿಮಣ್ಣು ಕಡದಾಕಿ ನಾನ. ಒಂದು ಬಿರುಕಿರಲಿಲ್ಲ."

ರಾಯ ಅದನ್ನು ದೊರೆಗೆ ಹೇಳಿದ. ದೊರೆ ಟೋಪಿ ತೆಗೆದು ಅವಳನ್ನೇ ನೋಡಿದ. ಗೌಡರು ಮೇಲಿನಿಂದ ಕೂಗಿದರು: "ಆತು ಬಿಡು ಹುಲಿಗೆವ್ವ, ನೀ ಊರು ಬಿಡೂದು ಬ್ಯಾಡ. ಮನೀಗೆ ಹೋಗಿ ಸೊಸೀನ್ನ ನೋಡ್ಕೋ."

ಅವಳು ಬಾವಿಯ ತಳದಲ್ಲೇ ಕೂತುಬಿಟ್ಟಳು. ಚೀಲ ಬಿಚ್ಚಿ ಎಲೆ ಮಡಿಚಿ ಬಾಯಿಗಿಟ್ಟುಕೊಂಡಳು.

ಎರಡು ದಿನಕ್ಕೆ ಸೊಸೆ ಹೆತ್ತಳು. ಹೆಣ್ಣು, ಇಬ್ಬರೂ ಕ್ಷೇಮ. ಆಗ ನಾನು ಹತ್ತಿಯಲ್ಲಿ ಸುತ್ತಿಸಿಕೊಂಡು ದೊರೆಯ ಡೇರೆಯಲ್ಲಿದ್ದೆ. ನನ್ನನ್ನು ತೊಳೆದ ನೀರನ್ನು ಯಾರೂ ಕೇಳಲಿಲ್ಲ. ನನಗೆ ಹಗುರವಾಯಿತು. ತೊಗಲು ಬಿಡಿಸುವುದು ಬಿಟ್ಟರೆ ನನಗೆ ಬೇರೆ ಕೆಲಸ ಗೊತ್ತಿಲ್ಲ.

ಆಮೇಲೆ ಬಂಡಿ, ಮದರಾಸು, ಸಭೆಗಳು. ಮೊದಮೊದಲು ಪಂಡಿತರು ನಂಬಲಿಲ್ಲ. ರಾಯ ಬರೆದ ಗೂಡಿನ ಚಿತ್ರ ನೋಡಿ ಒಪ್ಪಿದರು. ಈಗ ವಸ್ತುಸಂಗ್ರಹಾಲಯದ ಒಂದು ಖಾನೆಯಲ್ಲಿದ್ದೇನೆ. ಹೆರಿಗೆ ಸಲೀಸಾಗಲೆಂದು ಇಲ್ಲಿ ಯಾರೂ ಬೇಡಿಕೊಳ್ಳುವುದಿಲ್ಲ. ಪಕ್ಕದಲ್ಲೊಂದು ಹಳದಿ ಚೀಟಿ ಇದೆ: ಆಳ ಹನ್ನೆರಡು ಮೊಳ, ಗಟ್ಟಿ ಗರಸು, ಸಾಕ್ಷಿ ಹುಲಿಗೆವ್ವ. ಕಲಿತವರು ಬರುತ್ತಾರೆ, ಓದುತ್ತಾರೆ, ನನ್ನ ವಯಸ್ಸಿನ ಬಗ್ಗೆ ಜಗಳವಾಡುತ್ತಾರೆ. ಹುಲಿಗೆವ್ವನ ಮಾತಿನ ಬಗ್ಗೆ ಈವರೆಗೆ ಯಾರೂ ಜಗಳವಾಡಿಲ್ಲ.