ಖಾಲಿ ಜಾಗದ ಕಾವಲು

ತಲೆ ಮತ್ತೆ ಎಡಕ್ಕೆ ತಿರುಗಿತು. ರೇವಣಸಿದ್ದಯ್ಯನವರು ಹಣೆಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿ, ಹಿಂದಿನ ಗೋಡೆಯ ಮೊಳೆಗೆ ಇನ್ನಷ್ಟು ಬಿಗಿಯಾಗಿ ಕಟ್ಟಿದರು. ಪದ್ಮಾಸನದಲ್ಲಿ ಕೂರಿಸಿದ್ದ ಶಿವರುದ್ರಪ್ಪನ ಮುಖ ಬೀದಿಬಾಗಿಲಿಗೆ ನೇರವಾಯಿತು. ವಿಭೂತಿ ಸರಿಮಾಡಿ ಅವರು ಕೈ ತೆಗೆಯುವಷ್ಟರಲ್ಲಿ ಅದು ಮೆಲ್ಲಗೆ, ಯಾರೋ ಕರೆದಂತೆ, ಹಿತ್ತಲ ಬಾಗಿಲ ಕಡೆಗೆ ಹೊರಳಿತು.

“ಬಿಡಿ ಅಯ್ಯನೋರೇ,” ಎಂದಳು ಸತ್ತವನ ಹೆಂಡತಿ ಸರ್ವಮಂಗಳಾ. “ಅವ್ರು ಯಾವಾಗ್ಲೂ ನೋಡ್ತಿದ್ದಿದ್ದು ಅಲ್ಲೇ.”

“ಕುತ್ತಿಗೆ ನಿಲ್ತಿಲ್ಲ ತಾಯಿ, ಅಷ್ಟೇ,” ಎಂದರು ಅಯ್ಯನವರು. ಆದರೆ ಮತ್ತೆ ಮುಟ್ಟಲಿಲ್ಲ.

ಚಾಮರಾಜಪೇಟೆಯ ಆ ಪುಟ್ಟ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಿಂದಿನ ದಿನ ಕೆಲಸದ ನಡುವೆ ಅವನು ನಿಂತಲ್ಲೇ ಕುಸಿದು ಸತ್ತ ತರಗುಪೇಟೆಯ ಬೇಳೆ ಮಂಡಿಯವರು, ಅವನು ಆಡುತ್ತಿದ್ದ ಫುಟ್‌ಬಾಲ್ ಕ್ಲಬ್ಬಿನವರು, ನೆಂಟರು. ಎದುರು ತಂಡದಲ್ಲಿ ಗೋಲು ಹೊಡೆಯುತ್ತಿದ್ದ ದೊಡ್ಡಬೈರಪ್ಪ ಹಾರ ಹಾಕಿ ಮುಂದೆಯೇ ಕುಳಿತುಬಿಟ್ಟ.

“ಏನಿಲ್ಲಾಂದ್ರೂ ಹತ್ತು ವರ್ಷ ನಾನು ಗೋಲು ಹೊಡೀದಂಗೆ ನನ್ನ ಬೆನ್ನಿಗೇ ಅಂಟ್ಕೊಂಡಿದ್ದ ಕಣಮ್ಮ. ನೀರು ಕುಡಿಯೋಕೆ ಹೋದ್ರೆ ಅಲ್ಲಿಗೂ ಬರೋನು, ಬಡ್ಡಿಮಗ. ಮುಖ ಸರಿಯಾಗಿ ನೋಡ್ತಿರೋದೇ ಇವತ್ತು.” ನಗಲು ಹೋಗಿ ಟವೆಲ್ಲಿನಿಂದ ಕಣ್ಣೊರೆಸಿಕೊಂಡ.

ಸರ್ವಮಂಗಳಾ ಅವನನ್ನು ನೋಡುತ್ತಿರಲಿಲ್ಲ. ಇಷ್ಟು ಜನ ಒತ್ತಿಕೊಂಡು ನಿಂತಿದ್ದರೂ, ಹಿತ್ತಲ ಬಾಗಿಲಿನ ಮುಂದೆ ಒಬ್ಬ ಮನುಷ್ಯ ನಿಲ್ಲುವಷ್ಟು ನೆಲ ಬರಿದಾಗಿಯೇ ಇತ್ತು. ಆರು ವರ್ಷದ ಮಗಳು ಸಾನ್ವಿಯೂ ಅದನ್ನೇ ನೋಡುತ್ತಿದ್ದಳು.

“ಅಮ್ಮಾ, ಅಪ್ಪನ್ನ ಕರ್ಕೊಂಡು ಹೋದ್ಮೇಲೆ ಅಲ್ಲಿ ಯಾರು ನಿಲ್ತಾರೆ?”

*

ಕೈಲಾಸ್ ಕ್ಲಬ್ಬಿಗೆ ಹೊಸ ಕೋಚ್ ಆಗಿ ಬಂದ ವರ್ಷ, ತೊಂಬತ್ತೊಂಬತ್ತರಲ್ಲಿ, ಶಿವರುದ್ರಪ್ಪ ಒಂದು ದಿನ ತಟ್ಟೆಯ ಮುಂದೆ ಊಟ ಮುಟ್ಟದೆ ಕುಳಿತಿದ್ದ.

“ಇನ್ಮೇಲೆ ಯಾರ ಹಿಂದೇನೂ ಓಡೋ ಹಂಗಿಲ್ವಂತೆ. ನಮ್ಮ ಡಿಫೆನ್ಸ್ ಮುಂದೆ ಖಾಲಿ ಜಾಗ ಇರತ್ತಲ್ಲ, ಅದನ್ನ ಕಾಯ್ಬೇಕಂತೆ. ಈಗ ಎಲ್ಲಾ ಕಡೆ ಹಂಗೇ ಆಡೋದಂತೆ.”

“ಖಾಲಿ ಜಾಗ ಕಾಯೋದೇನ್ರೀ?”

“ನಂಗೂ ಅದೇ ಅರ್ಥ ಆಗ್ತಿಲ್ಲ.”

ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅರ್ಥವಾಯಿತು. ಆಮೇಲೆ ಅದು ಮೈದಾನದಲ್ಲೇ ಉಳಿಯಲಿಲ್ಲ. ಸಾನ್ವಿ ಅಂಬೆಗಾಲಿಡುತ್ತಿದ್ದ ದಿನಗಳು. ದೀಪ ಹಚ್ಚುವ ಹೊತ್ತಾದರೆ ಅವನು ಹಿತ್ತಲ ಬಾಗಿಲಿಗೂ ಮಗುವಿನ ಹಾಸಿಗೆಗೂ ನಡುವೆ ಹೋಗಿ ನಿಲ್ಲುತ್ತಿದ್ದ. ಮಗುವಿಗೆ ಗಾಢ ನಿದ್ದೆ ಹತ್ತಿದ ಮೇಲೆಯೇ ಊಟ.

“ಅಲ್ಲಿ ಯಾರೂ ಇಲ್ವಲ್ರೀ?”

“ಇಲ್ಲ. ನಾನು ನಿಂತಿದೀನಲ್ಲ.”

“ಬಾಗಿಲು ಹಾಕ್ಬಿಟ್ರೆ ಆಗಲ್ವಾ?”

ಅವನು ಹಿತ್ತಲಿನಿಂದ ಕಣ್ಣು ತೆಗೆಯಲಿಲ್ಲ. “ಹಾಕಿದ್ರೆ ಅದು ಎಲ್ಲಿದೆ ಅಂತ ಕಾಣಲ್ಲ.”

ಅವಳು ಇನ್ನೇನೂ ಕೇಳಲಿಲ್ಲ. ಕೇಳಿದರೆ ಅವನು ಹೇಳಿಬಿಟ್ಟಾನು ಎಂದು ಹೆದರಿದಳು. ಗಂಡನಿಗೆ ಆಟದ ಹುಚ್ಚು ತಲೆಗೇರಿದೆ ಎಂದುಕೊಂಡರೆ ಬದುಕುವುದು ಸುಲಭವಾಗಿತ್ತು.

*

ರುದ್ರಭೂಮಿಯಿಂದ ಬಂದವರು ಕಾಲು ತೊಳೆದುಕೊಂಡು ಒಬ್ಬೊಬ್ಬರಾಗಿ ಹೊರಟರು. ಬೀದಿಬಾಗಿಲ ಕಟ್ಟೆಯ ಮೇಲೆ ಕೈಲಾಸ್ ಒಬ್ಬನೇ ಕುಳಿತಿದ್ದ. ಸರ್ವಮಂಗಳಾ ಅವನಿಗೆ ಕಾಫಿ ಕೊಟ್ಟು ಅಲ್ಲೇ ನಿಂತಳು.

“ನಿಜ ಹೇಳಪ್ಪ. ಯಾರೂ ಬರ್ದೇ ಇರೋ ಜಾಗದಲ್ಲಿ ನಿಲ್ಲೋದು ದಂಡ ಅಲ್ವಾ?”

“ಬರ್ದೇ ಇರೋ ಹಂಗೆ ಮಾಡೋದೇ ಕೆಲ್ಸ ಅಕ್ಕ. ಎದುರಿನವನು ಎಲ್ಲಿ ನುಗ್ಬೇಕು ಅಂತಿರ್ತಾನೋ, ಅಣ್ಣ ಅಲ್ಲಿ ಮೊದ್ಲೇ ನಿಂತಿರೋರು. ಅವನು ನೋಡಿ ವಾಪಸ್ ಹೋಗ್ತಿದ್ದ. ಗ್ಯಾಲರಿಲಿ ಕೂತೋರಿಗೆ ಅದೆಲ್ಲಿ ಕಾಣತ್ತೆ? ‘ಸುಮ್ನೆ ನಿಂತಿದಾನೆ, ತೆಗೀರಿ ಅವನ್ನ’ ಅಂತ ಕೂಗೋರು.” ಲೋಟವನ್ನು ಕೈಯಲ್ಲೇ ತಿರುಗಿಸಿದ. “ಒಂದು ಮ್ಯಾಚಲ್ಲಿ ಅವರ ಮಾತು ಕೇಳಿ ಅಣ್ಣನ್ನ ತೆಗೆದೆ. ಹಾಫ್‌ಟೈಮ್ ಒಳಗೆ ಮೂರು ಗೋಲು ಬಿತ್ತು.”

“ಎಲ್ಲಿಂದ?”

“ಅದೇ ಜಾಗದಿಂದ.”

ಅವಳು ಥಟ್ಟನೆ ಒಳಗೆ ತಿರುಗಿದಳು.

ಗಂಡನನ್ನು ಕೂರಿಸಿದ್ದಲ್ಲಿ ದೀಪ ಉರಿಯುತ್ತಿತ್ತು. ಅತ್ತು ಸುಸ್ತಾದ ಸಾನ್ವಿ ಹಾಸಿಗೆಯಲ್ಲಿ ಮುದುರಿಕೊಂಡು, ಕಣ್ಣು ಮುಚ್ಚದೆ, ಅಮ್ಮನನ್ನೇ ನೋಡುತ್ತಿದ್ದಳು. ಮನೆ ತೊಳೆದವರು ನೆಲ ಆರಲೆಂದು ಹಿತ್ತಲ ಬಾಗಿಲನ್ನು ಪೂರ್ತಿ ತೆರೆದಿಟ್ಟಿದ್ದರು. ಸರ್ವಮಂಗಳಾ ಅದನ್ನು ಮುಚ್ಚಲು ಕೈ ಚಾಚಿದಳು. ಮುಚ್ಚಲಿಲ್ಲ. ಹಿಂದೆ ಸರಿದು, ಮಗಳಿಗೆ ಬೆನ್ನು ಮಾಡಿ, ಒದ್ದೆ ನೆಲದ ಮೇಲೆ ನಿಂತಳು.

“ಮಲ್ಕೊ ಪುಟ್ಟಿ.”

ಹೊಸ್ತಿಲಾಚೆ ಕತ್ತಲು ಇಳಿಯುತ್ತಿತ್ತು. ಒಗೆಯುವ ಕಲ್ಲು ಕಾಣುತ್ತಿತ್ತು, ಗೋಡೆ ಕಾಣುತ್ತಿತ್ತು. ಅವೆರಡರ ನಡುವಿನ ಕತ್ತಲು ತುಸು ಬಲಕ್ಕೆ ಸರಿಯಿತು.

ಅವಳೂ ಬಲಕ್ಕೆ ಸರಿದಳು.